ಸ್ಪೆಲ್ಟ್ ಹಿಟ್ಟಿನ ಬ್ರೆಡ್: ಮನೆಯಲ್ಲೇ ಮಾಡುವ ಬಗೆ

ಬ್ರೆಡ್ ಎಂದ ಕೂಡಲೇ ನಮಗೆ ನೆನಪಾಗುವುದು ಬೇಕರಿಯ ಬಿಳಿ ಮೈದಾ ಬ್ರೆಡ್. ಈಗ ನಗರದ ದೊಡ್ಡ ಅಂಗಡಿಗಳಲ್ಲಿ ಸ್ಪೆಲ್ಟ್ ಎಂಬ ಹಿಟ್ಟೂ ಸಿಗುತ್ತದೆ. ಇದು ಗೋಧಿಯಲ್ಲ, ಇದರಲ್ಲಿ ಗ್ಲೂಟೆನ್ ಇಲ್ಲ ಎಂದು ಕೆಲವರು ನಂಬಿದ್ದಾರೆ. ಎರಡೂ ತಪ್ಪು. ಎರಡನೆಯದಂತೂ ಕೆಲವರ ಆರೋಗ್ಯಕ್ಕೇ ಅಪಾಯ ತರಬಲ್ಲದು.

ಸ್ಪೆಲ್ಟ್ ಎಂದರೇನು?

ಸ್ಪೆಲ್ಟ್ ಯುರೋಪಿನ ಹಳೆಯ ಗೋಧಿ ಜಾತಿ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಇದನ್ನು ಡಿಂಕೆಲ್ ಎನ್ನುತ್ತಾರೆ. ಸಾಮಾನ್ಯ ಗೋಧಿಯನ್ನು ಒಕ್ಕಿದರೆ ಕಾಳು ಸುಲಭವಾಗಿ ಬೇರೆಯಾಗುತ್ತದೆ. ಸ್ಪೆಲ್ಟ್‌ನ ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ. ಅದನ್ನು ತೆಗೆಯಲು ಬೇರೆ ಯಂತ್ರ, ಬೇರೆ ಖರ್ಚು ಬೇಕು. ಇಳುವರಿಯೂ ಕಡಿಮೆ. ಆದ್ದರಿಂದ 20ನೇ ಶತಮಾನದಲ್ಲಿ ರೈತರು ಇದನ್ನು ಬಹುಮಟ್ಟಿಗೆ ಬಿಟ್ಟರು. ಸಾವಯವ ಕೃಷಿ ಬೆಳೆದಂತೆ ಇದಕ್ಕೆ ಮತ್ತೆ ಬೇಡಿಕೆ ಬಂತು. ನಮ್ಮಲ್ಲಿ ಇದು ದುಬಾರಿಯಾಗಲು ಹೊಟ್ಟು ತೆಗೆಯುವ ಖರ್ಚು, ಕಡಿಮೆ ಇಳುವರಿ, ಆಮದು ಎಲ್ಲವೂ ಕಾರಣ.

ಹಿಟ್ಟಿನ ಸ್ವಭಾವ

ಗೋಧಿ ಹಿಟ್ಟಿಗೆ ನೀರು ಸೇರಿದಾಗ ಗ್ಲಯಾಡಿನ್ ಮತ್ತು ಗ್ಲೂಟೆನಿನ್ ಎಂಬ ಪ್ರೋಟೀನುಗಳು ಕೂಡಿ ಗ್ಲೂಟೆನ್ ಬಲೆ ಆಗುತ್ತದೆ. ಗ್ಲಯಾಡಿನ್‌ನಿಂದ ಕಣಕ ಹಿಗ್ಗುತ್ತದೆ, ಗ್ಲೂಟೆನಿನ್‌ನಿಂದ ಅದಕ್ಕೆ ಬಿಗಿ ಬರುತ್ತದೆ. ಯೀಸ್ಟ್ ಬಿಡುವ ಅನಿಲವನ್ನು ಈ ಬಲೆ ಹಿಡಿದಿಟ್ಟುಕೊಂಡರೆ ಬ್ರೆಡ್ ಉಬ್ಬುತ್ತದೆ. ಉರ್ದುವಿನಲ್ಲಿ ನಾವು ಖಮೀರ್ ಎನ್ನುವುದು ಇದೇ ಹುದುಗನ್ನು; ಖಮೀರಿ ರೋಟಿಗೆ ಆ ಹೆಸರು ಬಂದದ್ದೂ ಅದರಿಂದಲೇ.

ಸ್ಪೆಲ್ಟ್‌ನಲ್ಲಿ ಗ್ಲೂಟೆನ್ ಸಾಕಷ್ಟಿದೆ, ಆದರೆ ಅದರ ಬಿಗಿ ಕಡಿಮೆ. ಹೆಚ್ಚು ನಾದಿದರೆ ಬಲೆ ಹರಿದು ಕಣಕ ಅಂಟಂಟಾಗುತ್ತದೆ. ಹೆಚ್ಚು ಹೊತ್ತು ಉಬ್ಬಲು ಬಿಟ್ಟರೆ ಕುಸಿಯುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಅಳತೆ

ಬೇಕರಿಯವರು ಹಿಟ್ಟನ್ನು 100% ಎಂದು ಹಿಡಿದು ಉಳಿದದ್ದನ್ನು ಅದರ ಮೇಲೆ ಲೆಕ್ಕ ಹಾಕುತ್ತಾರೆ. ನಾವು ಅಸಲು ಬೆಲೆಯ ಮೇಲೆ ಲಾಭದ ಶೇಕಡಾವಾರು ತೆಗೆಯುವಂತೆಯೇ ಇದು.

ಸ್ಪೆಲ್ಟ್ ಹಿಟ್ಟು: 500 ಗ್ರಾಂ (100%)
ಉಗುರುಬೆಚ್ಚಗಿನ ನೀರು: 320 ಮಿಲಿ (64%)
ಉಪ್ಪು: 8 ಗ್ರಾಂ (1.6%)
ಇನ್‌ಸ್ಟಂಟ್ ಒಣ ಯೀಸ್ಟ್: 5 ಗ್ರಾಂ (1%)

ಚಿಕ್ಕ ಬ್ರೆಡ್ ಬೇಕಿದ್ದರೆ ಹಿಟ್ಟು ಕಡಿಮೆ ಮಾಡಿ, ಶೇಕಡಾವಾರು ಹಾಗೆಯೇ ಇರಲಿ.

ವಿಧಾನ

1. ಎಲ್ಲವನ್ನೂ ಕಲಸಿ 15 ನಿಮಿಷ ಮುಚ್ಚಿಡಿ.
2. ಮೆತ್ತಗೆ 4–5 ನಿಮಿಷ ಮಾತ್ರ ನಾದಿ.
3. ಒದ್ದೆ ಬಟ್ಟೆ ಮುಚ್ಚಿ, ಸುಮಾರು ಒಂದೂವರೆ ಪಟ್ಟು ಉಬ್ಬುವವರೆಗೆ ಬಿಡಿ. ಬೇಸಿಗೆಯಲ್ಲಿ ಬೇಗ ಉಬ್ಬುತ್ತದೆ. ಗಡಿಯಾರಕ್ಕಿಂತ ಕಣಕವನ್ನು ನೋಡಿ.
4. ಆಕಾರ ಕೊಟ್ಟು, ಎಣ್ಣೆ ಸವರಿದ ಟಿನ್ನಿಗೆ ಹಾಕಿ, ಇನ್ನೊಂದು ಅರ್ಧ ಗಂಟೆ ಬಿಡಿ. ಟಿನ್ ಬಳಸಿದರೆ ಕಣಕ ಅಗಲಕ್ಕೆ ಹರಡುವುದಿಲ್ಲ.
5. ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 35–40 ನಿಮಿಷ ಬೇಯಿಸಿ. ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ.
6. ಪೂರ್ತಿ ಆರಿದ ಮೇಲೆ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದರೆ ಒಳಗೆ ಮುದ್ದೆಯಾಗುತ್ತದೆ.

1,500 ವ್ಯಾಟ್ ಓವನ್ ಒಂದು ಗಂಟೆ ಉರಿದರೆ ಹೆಚ್ಚೆಂದರೆ ಒಂದೂವರೆ ಯೂನಿಟ್ ವಿದ್ಯುತ್ ಬೇಕು. ಮನೆಯ ಬ್ರೆಡ್ಡಿನ ಅಸಲು ಖರ್ಚು ತೆಗೆಯುವಾಗ ಇದನ್ನೂ ಸೇರಿಸಿ.

ನಮ್ಮ ಜವೆ ಗೋಧಿ

ಉತ್ತರ ಕರ್ನಾಟಕದ ಜವೆ ಗೋಧಿಯೂ (ಖಪ್ಲಿ) ಹೊಟ್ಟು ಅಂಟಿಕೊಂಡಿರುವ ಹಳೆಯ ಗೋಧಿಯೇ. ಅಲ್ಲಿ ಇದರಿಂದ ಹುಗ್ಗಿ, ಮಾದಲಿ ಮಾಡುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1029 ಮುಂತಾದ ತಳಿಗಳನ್ನು ಕೊಟ್ಟಿದೆ. ಆದರೆ ಜವೆ ಮತ್ತು ಸ್ಪೆಲ್ಟ್ ಬೇರೆ ಬೇರೆ ಜಾತಿ: ಜವೆಯಲ್ಲಿ 28 ವರ್ಣತಂತುಗಳು, ಸ್ಪೆಲ್ಟ್‌ನಲ್ಲಿ 42. ಸ್ಪೆಲ್ಟ್ ಸಿಗದಿದ್ದರೆ ಅರ್ಧ ಜವೆ, ಅರ್ಧ ಸಾಮಾನ್ಯ ಗೋಧಿ ಹಿಟ್ಟು ಬೆರೆಸಬಹುದು. ಬ್ರೆಡ್ ಸ್ವಲ್ಪ ಗಟ್ಟಿಯಾದರೂ ರುಚಿ ಚೆನ್ನಾಗಿರುತ್ತದೆ.

ಕೊಳ್ಳುವ ಮುನ್ನ

ಸೀಲಿಯಾಕ್ ಕಾಯಿಲೆ ಇರುವವರು ಸ್ಪೆಲ್ಟ್ ಆಗಲಿ ಜವೆ ಆಗಲಿ ತಿನ್ನಬಾರದು. ಅವರ ದೇಹವು ಗ್ಲೂಟೆನ್‌ಗೆ ಪ್ರತಿಕ್ರಿಯಿಸಿ ಸಣ್ಣ ಕರುಳಿಗೆ ಹಾನಿ ಮಾಡಿಕೊಳ್ಳುತ್ತದೆ. ನಮ್ಮ ದೇಶದ ಆಹಾರ ನಿಯಮದಂತೆ ಗ್ಲೂಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲೂಟೆನ್ 20 ಮಿಲಿಗ್ರಾಂ ಮೀರಬಾರದು. ‘ಪ್ರಾಚೀನ ಧಾನ್ಯ’ ಎಂಬ ಮಾತು ಬರೀ ಜಾಹೀರಾತು. ಅದರಿಂದ ಗ್ಲೂಟೆನ್ ಬಗ್ಗೆ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಅಥವಾ ಗೆಳೆಯರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಬ್ರೆಡ್ ಹಂಚುವ ಮೊದಲು ಯಾವ ಹಿಟ್ಟಿನದೆಂದು ಹೇಳಿಬಿಡಿ.