ಮಣ್ಣು ಹಿಡಿಯಬೇಕು, ನೀರು ಬಿಡಬೇಕು

ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಹಾಗಾಗಿ ಅಲ್ಲಿ ಮನೆ ಕಟ್ಟುವ ಕೆಲಸ ಪಾಯದಿಂದಲ್ಲ, ಜೆಸಿಬಿಯಿಂದ ಶುರುವಾಗುತ್ತದೆ. ಗುಡ್ಡದ ಮೇಲಿನ ಬದಿಯನ್ನು ಕಡಿದು, ಕಡಿದ ಮಣ್ಣನ್ನು ಕೆಳಗಿನ ಬದಿಗೆ ತಳ್ಳಿ, ನಡುವೆ ಮನೆಗಾಗುವಷ್ಟು ಜಾಗ ಮಾಡಿಕೊಳ್ಳುತ್ತಾರೆ. ಎರಡು ದಿನದಲ್ಲಿ ಸೈಟು ಸಿದ್ಧ. ಮನೆಯ ಹಿಂದೆ ನೆಟ್ಟಗೆ ನಿಂತ ಧರೆ. ಕೊಡಗಿನವರು ಅದನ್ನು ಬರೆ ಎನ್ನುತ್ತಾರೆ. ಮನೆಯ ಮುಂದೆ ಸಡಿಲವಾಗಿ ಸುರಿದ ಮಣ್ಣು. ಸಾವಿರಾರು ವರ್ಷ ತನ್ನ ಪಾಡಿಗೆ ಒಂದು ಓರೆಯಲ್ಲಿ ನಿಂತಿದ್ದ ಗುಡ್ಡ ಈಗ ಎರಡೂ ಕಡೆ ಆಧಾರ ಕಳೆದುಕೊಂಡಿರುತ್ತದೆ. ಆ ಆಧಾರವನ್ನು ವಾಪಸು ಕೊಡುವುದೇ ತಡೆಗೋಡೆಯ ಕೆಲಸ.

ನೋಡಲು ಅದು ಬರೀ ಗೋಡೆ. ಆದರೆ ಮನೆಯ ಗೋಡೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಮನೆಯ ಗೋಡೆ ಮೇಲಿನ ಭಾರವನ್ನು ನೇರ ಕೆಳಗಿಳಿಸುತ್ತದೆ. ತಡೆಗೋಡೆಗೆ ಭಾರ ಬರುವುದು ಬೆನ್ನಿನ ಕಡೆಯಿಂದ, ಅಡ್ಡಲಾಗಿ, ಹಗಲೂ ರಾತ್ರಿ. ಮಳೆಗಾಲದಲ್ಲಿ ಅದು ಹೆಚ್ಚುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಇದನ್ನು ನಾನು ಒಂದು ಯಂತ್ರವೆಂದೇ ನೋಡುತ್ತೇನೆ. ಇದರಲ್ಲಿ ಚಲಿಸುವ ಭಾಗ ಒಂದೇ: ನೀರು.

ಕಣದಲ್ಲಿ ಭತ್ತ ಸುರಿದರೆ ರಾಶಿ ಒಂದು ಓರೆಗೆ ಬಂದು ನಿಲ್ಲುತ್ತದೆ. ಇನ್ನಷ್ಟು ಸುರಿದರೆ ರಾಶಿ ಬೆಳೆಯುತ್ತದೆಯೇ ಹೊರತು ಓರೆ ಬದಲಾಗುವುದಿಲ್ಲ. ಮಣ್ಣಿಗೂ ಅಂಥದ್ದೊಂದು ಓರೆ ಇದೆ. ಒಣ ಮರಳಿಗೆ ಸುಮಾರು 30ರಿಂದ 35 ಡಿಗ್ರಿ. ಅದಕ್ಕಿಂತ ಕಡಿದಾಗಿ ಕತ್ತರಿಸಿದರೆ ಧರೆಯ ಒಳಗೆ ಬೆಣೆಯಾಕಾರದ ಒಂದು ತುಂಡು ಮುಂದಕ್ಕೆ ಜಾರಲು ನೋಡುತ್ತದೆ. ಇದನ್ನು ಲೆಕ್ಕಕ್ಕೆ ತಂದವನು ಫ್ರಾನ್ಸಿನ ಶಾರ್ಲ್ ಕುಲಂಬ್. ವಿದ್ಯುತ್ ಪಾಠದಲ್ಲಿ ನಾವೆಲ್ಲ ಓದಿದ ಅದೇ ಕುಲಂಬ್. ವಿದ್ಯುತ್ತಿನ ನಿಯಮಕ್ಕಿಂತ ಮೊದಲು ಆತ ಸೇನೆಯ ಎಂಜಿನಿಯರ್ ಆಗಿದ್ದ. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಕೋಟೆ ಕಟ್ಟಿಸುತ್ತಾ ವರ್ಷಗಟ್ಟಲೆ ಕಳೆದವನು. ಊರಿಗೆ ಮರಳಿದ ಮೇಲೆ, 1773ರಲ್ಲಿ, ಮಣ್ಣಿನ ಈ ಬೆಣೆ ಗೋಡೆಯನ್ನು ಎಷ್ಟು ಬಲದಿಂದ ತಳ್ಳುತ್ತದೆ ಎಂಬ ಪ್ರಬಂಧವನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟ. 1857ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ರಾಂಕಿನ್ ಅದೇ ಪ್ರಶ್ನೆಗೆ ಇನ್ನೊಂದು ದಾರಿಯಿಂದ ಉತ್ತರ ಕಂಡುಕೊಂಡ. ಇಂದಿಗೂ ಎಂಜಿನಿಯರುಗಳು ಇವರಿಬ್ಬರ ಸೂತ್ರಗಳನ್ನೇ ಹಿಡಿದು ತಡೆಗೋಡೆಯ ಲೆಕ್ಕ ಮಾಡುತ್ತಾರೆ.

ಆ ಸೂತ್ರದಿಂದ ಬರುವ ಅಂಕಿಗಳನ್ನು ಮನೆ ಕಟ್ಟಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಸಾಧಾರಣ ಮಣ್ಣು ಒಂದು ಘನ ಮೀಟರಿಗೆ 1.8 ಟನ್ ತೂಗುತ್ತದೆ. ಒಂದೂವರೆ ಮೀಟರ್, ಅಂದರೆ ಹತ್ತಿರ ಹತ್ತಿರ ಐದು ಅಡಿ ಎತ್ತರದ ಗೋಡೆಯನ್ನು ಒಣ ಮಣ್ಣು ಪ್ರತಿ ಮೀಟರ್ ಉದ್ದಕ್ಕೆ ಮುಕ್ಕಾಲು ಟನ್ನಿಗಿಂತ ತುಸು ಕಡಿಮೆ ಬಲದಿಂದ ತಳ್ಳುತ್ತದೆ. ಎತ್ತರ ದುಪ್ಪಟ್ಟಾಗಿ ಮೂರು ಮೀಟರ್ ಆದರೆ ಬಲ ದುಪ್ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗಿ 2.7 ಟನ್ ಮುಟ್ಟುತ್ತದೆ. ಗೋಡೆಯನ್ನು ಬುಡದಿಂದ ಮಗುಚುವ ಶಕ್ತಿಯಂತೂ ಎಂಟು ಪಟ್ಟು. "ಐದಡಿ ಗೋಡೆ ನಿಂತಿದೆಯಲ್ಲ, ಅದರ ಮೇಲೆ ಇನ್ನು ಐದಡಿ ಏರಿಸಿಬಿಡೋಣ" ಎನ್ನುವವರು ಈ ಎಂಟನ್ನು ನೆನಪಿಡಬೇಕು.

ಇಲ್ಲಿಯವರೆಗಿನ ಲೆಕ್ಕ ಒಣ ಮಣ್ಣಿನದು. ಗೋಡೆಯ ಹಿಂದೆ ನೀರು ತುಂಬಿತೆಂದುಕೊಳ್ಳಿ. ನೀರಿಗೆ ಓರೆಯೆಂಬುದೇ ಇಲ್ಲ. ಅದು ತನ್ನ ಪೂರ್ತಿ ಒತ್ತಡವನ್ನು ಅಡ್ಡಕ್ಕೂ ಹಾಕುತ್ತದೆ. ಮೂರು ಮೀಟರ್ ಎತ್ತರಕ್ಕೆ ನಿಂತ ನೀರೊಂದೇ ಪ್ರತಿ ಮೀಟರ್ ಉದ್ದಕ್ಕೆ 4.5 ಟನ್ ತಳ್ಳುತ್ತದೆ. ನೀರಲ್ಲಿ ಮುಳುಗಿದ ಮಣ್ಣಿನ ಪಾಲನ್ನೂ ಸೇರಿಸಿದರೆ ಒಟ್ಟು ಆರು ಟನ್ನಿನ ಹತ್ತಿರ ಬರುತ್ತದೆ. ಬೇಸಿಗೆಯಲ್ಲಿ 2.7 ಟನ್ ಹೊತ್ತು ನಿಂತಿದ್ದ ಗೋಡೆಗೆ ಆಷಾಢದ ಒಂದು ವಾರದಲ್ಲಿ ಎರಡು ಪಟ್ಟಿಗೂ ಹೆಚ್ಚು ಭಾರ. ತಡೆಗೋಡೆಗಳು ಬಹುಪಾಲು ಬೀಳುವುದು ಹೀಗೆ. ಮಣ್ಣನ್ನು ತಡೆಯಲಾರದೆ ಅಲ್ಲ, ನೀರನ್ನೂ ತಡೆಯಲು ಹೋಗಿ.

ಗೋಡೆಯಲ್ಲಿ ತೂತು ಬಿಡುವುದು ಅದಕ್ಕಾಗಿಯೇ. ಸುಮಾರು ಮೂರರಿಂದ ನಾಲ್ಕು ಇಂಚಿನ ಪಿವಿಸಿ ಪೈಪುಗಳನ್ನು ಐದಾರು ಅಡಿಗೊಂದರಂತೆ, ಹೊರಮುಖಕ್ಕೆ ತುಸು ಇಳಿಜಾರಾಗಿ ಕೂರಿಸುತ್ತಾರೆ. ಇಷ್ಟನ್ನು ಬಹಳ ಮಂದಿ ಮಾಡುತ್ತಾರೆ. ಕೆಟ್ಟುಹೋಗುವುದು ಪೈಪಿನ ಹಿಂದೆ. ಕಡಿದ ಜೇಡಿಮಣ್ಣನ್ನೇ ಗೋಡೆಗೆ ಒತ್ತಿ ತುಂಬಿದರೆ ಪೈಪಿನ ಬಾಯಿ ಮೊದಲ ಮಳೆಗಾಲದಲ್ಲೇ ಕಟ್ಟಿಕೊಳ್ಳುತ್ತದೆ. ಗೋಡೆಯ ಬೆನ್ನಿಗೆ ಕನಿಷ್ಠ ಒಂದು ಅಡಿ ದಪ್ಪಕ್ಕೆ ಜಲ್ಲಿ ತುಂಬಬೇಕು. ಜಲ್ಲಿಗೂ ಮಣ್ಣಿಗೂ ನಡುವೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಅದರ ಹಿಂದೆ ಮಣ್ಣನ್ನು ಒಂದೇ ಸಲ ಸುರಿಯದೆ ಮುಕ್ಕಾಲು ಅಡಿಯಷ್ಟು ಹಾಕಿ, ದಮ್ಮಸ್ಸು ಮಾಡಿ, ಮತ್ತೆ ಅಷ್ಟೇ ಹಾಕಬೇಕು. ಕೆಲಸ ಮುಗಿದ ಮೇಲೆ ಇದ್ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಖರ್ಚು ಉಳಿಸುವವರು ಕೈಹಾಕುವುದು ಇಲ್ಲಿಗೇ. ಇನ್ನು ಕೆಲವು ಕಡೆ ಮೇಸ್ತ್ರಿ ಪೈಪು ಇಡಲು ಹೊರಟರೂ ಯಜಮಾನರೇ "ಬೇಡ ಮೇಸ್ತ್ರಿ, ನೀರಿಳಿದು ಗೋಡೆ ಎಲ್ಲ ಕಲೆ ಆಗ್ತದೆ" ಎಂದು ತಡೆಯುತ್ತಾರೆ. ಆ ಕಲೆ ಒಳ್ಳೆಯ ಲಕ್ಷಣ. ಗೋಡೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಗೋಡೆಗಳಲ್ಲಿ ಹಲವು ಬಗೆ. ಹಳೆಯದು ಭಾರದ ಗೋಡೆ. ಸೈಜುಗಲ್ಲಿನದಾಗಲಿ ಕಾಂಕ್ರೀಟಿನದಾಗಲಿ, ತನ್ನ ತೂಕದಿಂದಲೇ ಮಣ್ಣಿಗೆ ಎದುರು ನಿಲ್ಲುತ್ತದೆ. ಇದರ ಬುಡದ ಅಗಲ ಎತ್ತರದ ಅರ್ಧದಿಂದ ಮೂರನೇ ಎರಡರಷ್ಟಾದರೂ ಇರಬೇಕು. ಹತ್ತಡಿ ಗೋಡೆಗೆ ಐದಾರು ಅಡಿ ಬುಡ. ಇದನ್ನು ಕೇಳಿ ಬೆಚ್ಚಿಬಿದ್ದು, ಒಂದು ಕಲ್ಲಿನ ದಪ್ಪಕ್ಕೆ ಕೆಂಪುಕಲ್ಲು ಪೇರಿಸಿ ಸಿಮೆಂಟು ಬಳಿದು ತಡೆಗೋಡೆ ಎನ್ನುವವರಿದ್ದಾರೆ. ಅದು ಮಣ್ಣಿಗೆ ಹಾಕಿದ ಪರದೆ, ಗೋಡೆಯಲ್ಲ. ಗಾರೆಯಿಲ್ಲದೆ ಕಾಡುಕಲ್ಲು ಜೋಡಿಸಿ ಕಟ್ಟುವ ಹಳೆಯ ಪಾಗಾರಗಳು ಇದಕ್ಕಿಂತ ಎಷ್ಟೋ ಮೇಲು. ಧರೆಯ ಕಡೆಗೆ ತುಸು ವಾಲಿಸಿ, ಉದ್ದ ಕಲ್ಲುಗಳನ್ನು ಒಳಕ್ಕೆ ಚಾಚಿಸಿ ಕಟ್ಟಿದರೆ ಸಂದುಸಂದಿನಿಂದಲೂ ನೀರು ಹೊರಬರುತ್ತದೆ. ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಇಡುವ ಗೇಬಿಯನ್ ಇದೇ ವಿದ್ಯೆಯ ಹೊಸ ರೂಪ. ನೆಲ ತುಸು ಕುಸಿದರೂ ಅದು ಬಾಗುತ್ತದೆ, ಮುರಿಯುವುದಿಲ್ಲ. ಮಳೆ ಹೆಚ್ಚಿರುವ ಊರಿನ ಚಿಕ್ಕ ಹಿತ್ತಲಿಗೆ ನನ್ನ ಮೊದಲ ಆಯ್ಕೆ ಇದೇ.

ಜಾಗ ಇಕ್ಕಟ್ಟಾದಾಗ ಬರುವುದು ಕಂಬಿ ಹಾಕಿದ ಕಾಂಕ್ರೀಟ್ ಗೋಡೆ. ಇದರ ಬುಡದ ಹಾಸು ಧರೆಯ ಕಡೆಗೆ, ಮಣ್ಣಿನ ಅಡಿಗೆ ಚಾಚಿಕೊಂಡಿರುತ್ತದೆ. ಹಾಸಿನ ಮೇಲೆ ಕೂತ ಮಣ್ಣಿನ ತೂಕವೇ ಗೋಡೆ ಮಗುಚದಂತೆ ಹಿಡಿದಿಡುತ್ತದೆ; ತಳ್ಳುವ ಮಣ್ಣಿನಿಂದಲೇ ಕಾವಲು ಕಾಯಿಸುವ ಜಾಣ ರಚನೆ ಇದು. ಆದರೆ ಇದರಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಮಣ್ಣು ತಳ್ಳಿದಾಗ ನಿಂತ ಗೋಡೆ ಮುಂದಕ್ಕೆ ಬಾಗಲು ನೋಡುತ್ತದೆ, ಆಗ ಅದರ ಬೆನ್ನು ಹಿಗ್ಗುತ್ತದೆ. ಕಾಂಕ್ರೀಟು ಎಳೆತವನ್ನು ತಾಳದು, ಕಂಬಿ ತಾಳುತ್ತದೆ. ಹಾಗಾಗಿ ಮುಖ್ಯ ಕಂಬಿ ಇರಬೇಕಾದದ್ದು ಬೆನ್ನಿಗೆ, ಮಣ್ಣಿನ ಬದಿಗೆ. ಅದನ್ನು ನಮಗೆ ಕಾಣುವ ಮುಖದ ಕಡೆಗೋ ನಟ್ಟನಡುವಿಗೋ ಕಟ್ಟಿಬಿಟ್ಟರೆ ಅಷ್ಟೂ ಕಬ್ಬಿಣದ ದುಡ್ಡು ನೀರುಪಾಲು. ಕಾಂಕ್ರೀಟು ಸುರಿಯುವ ಹಿಂದಿನ ದಿನ ಹೋಗಿ ನೋಡಿ ಬನ್ನಿ. ಸುರಿದ ಮೇಲೆ ಯಾರಿಗೂ ಕಾಣದು.

ಇನ್ನು ಮಣ್ಣಿನ ಜಾತಿ. ಕರಾವಳಿಯಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲಿನ ಹೊದಿಕೆ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆದು ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗುದ್ದಲಿಗೂ ಜಗ್ಗದಷ್ಟು ಗಟ್ಟಿ. ಬೇಸಿಗೆಯಲ್ಲಿ ಕಡಿದ ಧರೆ ನೆಟ್ಟಗೆ ನಿಂತಿರುವುದನ್ನು ಕಂಡು "ಇದಕ್ಕೆ ಗೋಡೆ ಯಾಕೆ ಬೇಕು" ಎನಿಸುವುದು ಸಹಜ. ಕಣಗಳ ನಡುವಿನ ತೆಳು ತೇವ ಅವನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ, ಅಷ್ಟೇ. ನೀರು ಪೂರ್ತಿ ತುಂಬಿದಾಗ ಆ ಸೆಳೆತ ಇಲ್ಲವಾಗುತ್ತದೆ, ಶೇಡಿ ಕೆಸರಾಗಿ ಹರಿಯುತ್ತದೆ. ಮೇಲಿನ ಕಲ್ಲಿನ ಹೊದಿಕೆ ಅದರ ಬೆನ್ನಿಗೇ ಕುಸಿಯುತ್ತದೆ. ಏಪ್ರಿಲ್‌ನಲ್ಲಿ ಮಣ್ಣು ನೋಡಿ ಆಗಸ್ಟ್ ತಿಂಗಳ ತೀರ್ಮಾನ ಮಾಡಬಾರದು.

2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದಾಗ ಮಳೆ ವಿಪರೀತವಾಗಿದ್ದದ್ದು ನಿಜ. ಆದರೆ ರಸ್ತೆಗೂ ಮನೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಕಾರಣವಾಗಿ ಎತ್ತಿ ತೋರಿಸಿದರು. ಅದೇ ಊರಿನಲ್ಲಿ ಜಿಲ್ಲಾಧಿಕಾರಿ ಕಚೇರಿಯ ಬಳಿ ಕೋಟಿಗಟ್ಟಲೆ ಖರ್ಚಿನಲ್ಲಿ ಎದ್ದ ಎತ್ತರದ ತಡೆಗೋಡೆ 2022ರ ಮಳೆಗಾಲದಲ್ಲಿ ಉಬ್ಬಿಕೊಂಡಿತು. ತಂತ್ರಜ್ಞಾನ ಎಷ್ಟೇ ಹೊಸದಾದರೂ ನೀರಿನ ಪಾಠ ಹಳೆಯದೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಮನೆ, ಅಂಗಡಿ, ವಾಹನಗಳ ಮೇಲೆ ಬಂತು. ಅಂಥ ಗುಡ್ಡವನ್ನು ಹಿತ್ತಲಿನ ಯಾವ ಗೋಡೆಯೂ ತಡೆಯಲಾರದು. ಗೋಡೆಗೊಂದು ಮಿತಿಯಿದೆ, ಇಡೀ ಬೆಟ್ಟ ಜಾರುವ ಜಾಗದಲ್ಲಿ ಮನೆಯೇ ಬೇಡ.

ಉಳಿದ ಕಡೆ ಮೊದಲು ಮಾಡಬೇಕಾದದ್ದು ಕಡಿಮೆ ಕಡಿಯುವುದು. ಹನ್ನೆರಡು ಅಡಿಯ ಒಂದು ಗೋಡೆಗಿಂತ ನಾಲ್ಕು ಅಡಿಯ ಮೂರು ಮೆಟ್ಟಿಲು ಲೇಸು. ಆದರೆ ಮೆಟ್ಟಿಲುಗಳ ನಡುವೆ ಕೆಳಗಿನ ಗೋಡೆಯ ಎತ್ತರದ ದುಪ್ಪಟ್ಟು ಅಂತರ ಬೇಕು. ಹತ್ತಿರ ಹತ್ತಿರ ಕಟ್ಟಿದರೆ ಮೇಲಿನದರ ಭಾರ ಕೆಳಗಿನದರ ಬೆನ್ನೇರುತ್ತದೆ. ಧರೆಯ ನೆತ್ತಿಯಲ್ಲಿ ಒಂದು ಚರಂಡಿ ತೋಡಿ ಮೇಲಿನಿಂದ ಹರಿದು ಬರುವ ನೀರನ್ನು ಬದಿಗೆ ತಿರುಗಿಸಬೇಕು. ಚರಂಡಿಯ ತಳ ನೀರಿಂಗದಂತೆ ಗಟ್ಟಿಯಾಗಿರಬೇಕು. ಧರೆಯ ಮೇಲೆ ಇಂಗುಗುಂಡಿ ಮಾತ್ರ ಬೇಡವೇ ಬೇಡ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದದ್ದು ಇಲ್ಲಿ ಗೋಡೆಯ ಬೆನ್ನಿಗೆ ನೀರೂಡಿಸಿದಂತೆ. ಮನೆಯ ಸೂರಿನ ನೀರಿಗೂ ದಾರಿ ಮಾಡಿ. ಸಾವಿರ ಚದರಡಿ ಸೂರಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಅದು 9,300 ಲೀಟರ್. ಅಷ್ಟೂ ನೀರು ಮುಂದಿನ ತುಂಬುಮಣ್ಣಿನ ಮೇಲೆ ಬಿದ್ದರೆ ಕೆಳಗಿನ ಗೋಡೆಗೆ ಉಳಿಗಾಲವಿಲ್ಲ.

ಗೋಡೆ ಜಾರುವ ಮಣ್ಣನ್ನು ಹಿಡಿಯುತ್ತದೆ, ಕೊಚ್ಚಿ ಹೋಗುವ ಮೇಲ್ಮಣ್ಣನ್ನಲ್ಲ. ಅದಕ್ಕೆ ಬೇರು ಬೇಕು. ಲಾವಂಚದ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರಿನವರೆಗೂ. ಸಾಲಾಗಿ ಒತ್ತೊತ್ತಾಗಿ ನೆಟ್ಟರೆ ಹರಿಯುವ ನೀರಿನ ವೇಗ ಮುರಿದು ಹೂಳನ್ನು ಅಲ್ಲೇ ಕೂರಿಸುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿಗೆ ಮದ್ದೆಂದು ಈ ಹುಲ್ಲನ್ನು ಜಗತ್ತಿಗೆಲ್ಲ ಹೇಳುತ್ತಾ ಹೋದರು. ನಮ್ಮ ಗುಂಡ್ಲುಪೇಟೆ ಕಡೆಯ ರೈತರು ಅದಕ್ಕೂ ಬಹಳ ಮೊದಲಿನಿಂದ ಹೊಲದ ಬದುಗಳಲ್ಲಿ ಲಾವಂಚ ಬೆಳೆಸುತ್ತಿದ್ದರು. ಧರೆಯ ನೆತ್ತಿಯಲ್ಲಿ ಎರಡು ಸಾಲು ಲಾವಂಚ ಇರಲಿ. ದೊಡ್ಡ ಮರ ಬೇಡ, ಗಾಳಿಗೆ ತೂಗುವ ಮರ ಧರೆಯನ್ನೇ ಸೀಳುತ್ತದೆ.

1972ರ ಜೂನ್ 18ರಂದು ಹಾಂಗ್‌ಕಾಂಗ್‌ನಲ್ಲಿ ಒಂದೇ ದಿನ ಎರಡು ಕಡೆ ಇಳಿಜಾರು ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ಸುಮಾರು ಐದು ವರ್ಷದಲ್ಲಿ ಆ ನಗರ ಇದಕ್ಕೆಂದೇ ಒಂದು ಎಂಜಿನಿಯರಿಂಗ್ ಕಚೇರಿ ತೆರೆಯಿತು. ಇಂದು ಅಲ್ಲಿ ಮನುಷ್ಯ ಕಡಿದ, ಕಟ್ಟಿದ ಸುಮಾರು 60,000 ಇಳಿಜಾರು ಮತ್ತು ತಡೆಗೋಡೆಗಳಿಗೆ ಒಂದೊಂದಕ್ಕೂ ನಂಬರು ಇದೆ, ನೋಡಿಕೊಳ್ಳುವ ಹೊಣೆ ಜಾಗದ ಒಡೆಯರ ಮೇಲಿದೆ. ಗುಡ್ಡಗಾಡಿನ ತಡೆಗೋಡೆಗಳಿಗೆ ನಮ್ಮಲ್ಲೂ 1990ರ ದಶಕದಿಂದ ಐಎಸ್ 14458 ಎಂಬ ಮಾನದಂಡವಿದೆ. ಮಡಿಕೇರಿ, ಸಕಲೇಶಪುರ, ಶೃಂಗೇರಿಯಂಥ ಊರುಗಳ ಸ್ಥಳೀಯ ಸಂಸ್ಥೆಗಳು ಮನೆಯ ನಕ್ಷೆ ಮಂಜೂರು ಮಾಡುವಾಗ ಧರೆಯ ಎತ್ತರ, ಗೋಡೆಯ ವಿನ್ಯಾಸ, ನೀರಿನ ದಾರಿ ಮೂರನ್ನೂ ಕೇಳುವಂತಾಗಬೇಕು.

ನಿಮ್ಮ ಮನೆಯ ಹಿಂದೆ ಈಗಾಗಲೇ ಗೋಡೆಯಿದ್ದರೆ ಮಳೆ ಜೋರಾಗಿರುವಾಗಲೇ ಕೊಡೆ ಹಿಡಿದು ನೋಡಿ. ತೂತುಗಳಿಂದ ತಿಳಿನೀರು ಬರುತ್ತಿದ್ದರೆ ಸರಿ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಸವೆಯುತ್ತಿದೆ. ಜಡಿಮಳೆಯಲ್ಲೂ ಒಣಗಿದ್ದರೆ ತೂತು ಕಟ್ಟಿದೆ, ಕಂಬಿ ತೂರಿಸಿ ಬಿಡಿಸಿ. ಗೋಡೆಯ ಹೊಟ್ಟೆ ಮುಂದೆ ಬಂದಿದ್ದರೆ, ಧರೆಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಟಾರ್ಪಾಲು ಹೊದಿಸಿ ನೀರಿಳಿಯುವುದನ್ನು ತಡೆಯಿರಿ, ಎಂಜಿನಿಯರನ್ನು ಕರೆಸಿ. ಅವರು ಬಂದು ನೋಡುವವರೆಗೆ ಆ ಬದಿಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.