ಬಾಡಿ ಗಟ್ಟಿ ಇದ್ದರೆ ಎಂಜಿನ್ ಕೂರಿಸಬಹುದು

ಮಧುಗಿರಿಯಲ್ಲಾಗಲಿ ಶಿರಾದಲ್ಲಾಗಲಿ, ಹಳೆ ಕಾರಿನ ಎಂಜಿನ್ ಹೋಯಿತು ಎಂದು ಗ್ಯಾರೇಜಿಗೆ ಹೋದರೆ ಮೇಸ್ತ್ರಿ ಮೊದಲು ಕೇಳುವುದು, 'ಬಾಡಿ ಹೆಂಗೈತೆ ಸ್ವಾಮಿ?' ತಳ ತುಕ್ಕು ಹಿಡಿದಿಲ್ಲ ಎಂದರೆ ಗಾಡಿಗೆ ಇನ್ನೂ ಆಯುಷ್ಯವಿದೆ ಎಂದೇ ಲೆಕ್ಕ.

ಎಂಜಿನ್ ಬದಲಿಸುವ ಈ ಕಸುಬು ಬೆಳೆದದ್ದು ಅಂಬಾಸಡರ್, ಜೀಪುಗಳ ಕಾಲದಲ್ಲಿ. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ 2014ರಲ್ಲಿ ನಿಂತಿತು. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬಾಡಿಗೆ ಓಡಿಸುವವರ ಕೈ ಕಚ್ಚುತ್ತಿತ್ತು. ಡೀಸೆಲ್ ಅಗ್ಗವಿದ್ದ ಆ ದಿನಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿಕೊಂಡವರು ಬಹಳ.

ಇಳಿಸುವುದು ಸುಲಭ. ಬಾನೆಟ್ ಬಿಚ್ಚಿ, ನೀರು, ಆಯಿಲ್ ಬಸಿದು, ರೇಡಿಯೇಟರ್ ತೆಗೆದು, ಚೈನ್ ಕಪ್ಪಿಗೆ ಕಟ್ಟಿ ಎತ್ತಿದರೆ ಆಯಿತು. ಜಾಣತನವೆಲ್ಲ ಕೂರಿಸುವುದರಲ್ಲಿದೆ. ಡೀಸೆಲ್ ಎಂಜಿನ್ ತೂಕ ಹೆಚ್ಚು. ಗಾಡಿಯ ಮೂತಿ ತಗ್ಗುತ್ತದೆ, ಮುಂದಿನ ಟಾರ್ಷನ್ ಬಾರ್ ಬಿಗಿ ಮಾಡಬೇಕು. ಇಂಜೆಕ್ಟರ್‌ನಲ್ಲಿ ಮಿಕ್ಕಿದ ಡೀಸೆಲ್ ಟ್ಯಾಂಕಿಗೆ ವಾಪಸು ಹೋಗಲು ಇನ್ನೊಂದು ಪೈಪು ಎಳೆಯಬೇಕು. ಬ್ಯಾಟರಿ ದೊಡ್ಡದು ಬೇಕು. ರೇಡಿಯೇಟರ್ ವಿಷಯದಲ್ಲಿ ಕೈ ಹಿಡಿತ ಮಾಡಿದರೆ ಪಾವಗಡದ ಏಪ್ರಿಲ್ ಬಿಸಿಲು ಅದನ್ನು ಕುದಿಸಿಯೇ ತೋರಿಸುತ್ತದೆ.

ನನಗೆ ನೋಡಲು ಅತಿ ಇಷ್ಟವಾದದ್ದು ಕೊನೆಯ ಒಂದು ಅಂಗುಲ. ಎಂಜಿನ್ ಸರಪಳಿಯಲ್ಲಿ ತೂಗುತ್ತಿರುತ್ತದೆ. ಗೇರ್‌ಬಾಕ್ಸಿನ ಹಲ್ಲಿನ ಶಾಫ್ಟ್ ಕ್ಲಚ್ ಪ್ಲೇಟಿನ ತೂತಿನೊಳಗೆ ನೆಟ್ಟಗೆ ಇಳಿಯಬೇಕು. ಹುಡುಗ ಕಪ್ಪಿಯ ಸರಪಳಿಯನ್ನು ಒಂದೊಂದೇ ಕೊಂಡಿ ಸಡಿಲಿಸುತ್ತಾನೆ. ಮೇಸ್ತ್ರಿ ಗಾಡಿಯಡಿ ಮಲಗಿ, 'ತಡಿ... ಇನ್ನೊಂಚೂರು...' ಎನ್ನುತ್ತ ಕ್ರ್ಯಾಂಕನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಹಲ್ಲಿಗೆ ಹಲ್ಲು ಕೂಡಿದಾಗ ಎಂಜಿನ್ ತಾನಾಗಿ ಸರಿದು ಕೂರುತ್ತದೆ. ಕೂಡದಿದ್ದರೆ ಬೋಲ್ಟ್ ಬಿಗಿದು ಎಳೆಯುವವರೂ ಇದ್ದಾರೆ. ಅದು ತಪ್ಪು, ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ. ಕೂತ ಮೇಲೆ ಡೀಸೆಲ್ ಲೈನಿನ ಗಾಳಿ ತೆಗೆದು, ಆಯಿಲ್ ಮೇಲೇರುವಷ್ಟು ಹೊತ್ತು ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್.

ಕೈಕೆಲಸದಷ್ಟೇ ಮುಖ್ಯ ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ನಂಬರು ಏರಬೇಕು. ಗುಜರಿಯಿಂದ ಎಂಜಿನ್ ತರುವವರು ಅದು ಯಾವ ಗಾಡಿಯದ್ದೆಂಬ ದಾಖಲೆಯನ್ನೂ ಕೇಳಿ ತರಲೇಬೇಕು. ಕಳವಿನ ಮಾಲು ಕೊರಳಿಗೆ ಸುತ್ತಿಕೊಂಡೀತು. ಈ ಸೀಮೆಯವರಿಗೆ ಈಗ ತುಮಕೂರಿಗೆ ಹೋಗುವ ತಾಪತ್ರಯವಿಲ್ಲ, ಮಧುಗಿರಿಯಲ್ಲೇ ಕೆಎ-64ರ ಕಚೇರಿಯಿದೆ. ಹೋಗುವ ಮುನ್ನ ಮೇಸ್ತ್ರಿ ಬ್ಲಾಕಿನ ಗ್ರೀಸ್ ಒರೆಸಿ, ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಾನೆ. ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬರುತ್ತದೆ.