ಸುರಂಗ ಗಟ್ಟಿ, ತುದಿ ಸಡಿಲ

ಇಟಗಿಯ ಓದುಗರೊಬ್ಬರ ಪ್ರಶ್ನೆ ಬಂದಿದೆ. ಮಹಾದೇವ ದೇಗುಲದ ಕೊಪ್ಪಳದ ಇಟಗಿಯಲ್ಲ, ಭೀಮಾಂಬಿಕೆಯ ಇಟಗಿ, ಗದಗ ಜಿಲ್ಲೆಯದು. ಪಹಣಿ ತೆಗೆದುಕೊಡುವ, ಬೆಳೆವಿಮೆ ಅರ್ಜಿ ತುಂಬುವ ಆನ್‌ಲೈನ್ ಅಂಗಡಿ ಅವರದು. "ಪ್ರಿಂಟರ್ ಕೈಕೊಟ್ರ ಹುಬ್ಬಳ್ಳಿ ಹುಡುಗ ಅಲ್ಲೇ ಕುಂತು ನನ್ನ ಕಂಪ್ಯೂಟರಿನ್ಯಾಗ ಬಾಣ ಓಡಸ್ತಾನ್ರಿ. ನಡುವ ಯಾರರ ಇಣುಕಿದ್ರ? ಕೇಳಿದ್ರ, ಸೆಕ್ಯೂರ್ ಟನಲ್ ಐತಿ, ಚಿಂತಿ ಬ್ಯಾಡ ಅಂತಾರ."

ಅವರ ಅನುಮಾನ ಸುಮ್ಮನೆ ಬಂದದ್ದಲ್ಲ. ದೂರದ ಪರದೆಯನ್ನು ಇಲ್ಲಿ ತೋರಿಸುವ ವಿಎನ್‌ಸಿ ಹುಟ್ಟಿದ್ದು 1990ರ ದಶಕದಲ್ಲಿ, ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ. ಅದರ ಮೂಲ ಪದ್ಧತಿಯಲ್ಲಿ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಮೊದಲ 8 ಅಕ್ಷರಗಳಿಗಷ್ಟೇ ಬೆಲೆ. ಒಳಹೊಕ್ಕ ಮೇಲೆ ಪರದೆಯ ಚಿತ್ರ, ಒತ್ತಿದ ಕೀ ಎಲ್ಲವೂ ಮುಚ್ಚುಮರೆಯಿಲ್ಲದೆ ತಂತಿಯಲ್ಲಿ ಹರಿಯುತ್ತಿದ್ದವು.

ಮದ್ದು ಬಂದದ್ದು ಫಿನ್‌ಲೆಂಡಿನಿಂದ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವು ನಡೆಯಿತು. ಅಲ್ಲಿನ ಸಂಶೋಧಕ ತಾತು ಯುಲೊನೆನ್ ಅದೇ ವರ್ಷ, ಯಂತ್ರಗಳ ಮಾತುಕತೆಯನ್ನು ಗೂಢಲಿಪಿಗೆ ತಿರುಗಿಸುವ ಎಸ್‌ಎಸ್‌ಎಚ್ ತಂತ್ರಾಂಶ ಬರೆದು ಪುಕ್ಕಟೆ ಹಂಚಿದರು. ಹಳೆಯ ಸೇವೆಗಳಾದ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23ನೇ ಪೋರ್ಟ್, ಅಂದರೆ ಯಂತ್ರದೊಳಗೆ ಬರುವ ಬಾಗಿಲು, ಇದ್ದವು. ನಡುವಿನ 22 ಖಾಲಿ ಇತ್ತು, ಕೇಳಿ ಪಡೆದರು. ಇದರಿಂದ ವಿಎನ್‌ಸಿಯನ್ನು ಬಿಚ್ಚಿ ತಿದ್ದುವ ಕೆಲಸವೇ ತಪ್ಪಿತು. ಅದರ 5900ನೇ ಪೋರ್ಟನ್ನು ಹೊರಗಿನವರಿಗೆ ಮುಚ್ಚಿ, ಮಾತುಕತೆಯೆಲ್ಲ 22ರ ಮೂಲಕ ಗೂಢಲಿಪಿಯಲ್ಲಿ ಹೋಗುವಂತೆ ಮಾಡಿದರಾಯಿತು. ಸುರಂಗವೆಂದರೆ ಇಷ್ಟೇ.

ಆದರೆ ಎಂದೂ ಭೇಟಿಯಾಗದ ಎರಡು ಯಂತ್ರಗಳು ಎಲ್ಲರೆದುರೇ ಗುಟ್ಟು ಕಟ್ಟಿಕೊಳ್ಳುವುದು ಹೇಗೆ? ಗಜೇಂದ್ರಗಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಟ್ರಂಕು ಕಳಿಸಬೇಕು ಅನ್ನಿ. ನಿಮ್ಮ ಬೀಗ ಹಾಕಿ ಕಳಿಸುತ್ತೀರಿ. ಹುಬ್ಬಳ್ಳಿಯವ ತನ್ನ ಬೀಗವನ್ನೂ ಜಡಿದು ವಾಪಸ್ ಕಳಿಸುತ್ತಾನೆ. ನೀವು ನಿಮ್ಮದನ್ನು ಬಿಚ್ಚಿ ಮತ್ತೆ ಬಸ್ಸಿಗೆ ಹಾಕುತ್ತೀರಿ. ಅವ ತನ್ನದನ್ನು ತೆಗೆಯುತ್ತಾನೆ. ಕೀಲಿಕೈ ಒಮ್ಮೆಯೂ ಬಸ್ ಹತ್ತಲಿಲ್ಲ, ಕಂಡಕ್ಟರಿಗೆ ಒಳಗಿನದು ಕಾಣಲಿಲ್ಲ! ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಗಣಿತದ ದಾರಿ ಬೇರೆ, ಬೆರಗು ಮಾತ್ರ ಇದೇ.

ಆದರೂ ಒಂದು ಸಂಶಯ ಉಳಿಯುತ್ತದೆ. ಎರಡನೆಯ ಬೀಗ ಹುಬ್ಬಳ್ಳಿಯವನದೇ ಎಂದು ಯಾರು ಹೇಳಿದರು? ದಾರಿಯಲ್ಲೇ ಯಾರೋ ಟ್ರಂಕು ಇಳಿಸಿಕೊಂಡು ತಮ್ಮ ಬೀಗ ಜಡಿದಿರಬಹುದು. ಅದಕ್ಕೇ ಎಸ್‌ಎಸ್‌ಎಚ್ ಮೊದಲ ಸಲ ಕೂಡಿಕೊಳ್ಳುವಾಗ ಎದುರಿನ ಯಂತ್ರದ 'ಬೆರಳಚ್ಚು' ಎಂಬ ಗುರುತಿನ ಸಂಕೇತ ತೋರಿಸಿ, ಇದನ್ನು ನಂಬಲೇ ಎಂದು ಕೇಳುತ್ತದೆ. ಹೋಲಿಸಿ ನೋಡದೆ 'ಯೆಸ್' ಒತ್ತುವ ಚಾಳಿ ಇಂಜಿನಿಯರುಗಳಿಗೂ ಇದೆ.

ಇನ್ನು ಸೆಷನ್, ಅಂದರೆ ಕೂಡಿಕೊಂಡಲ್ಲಿಂದ ಬಿಡುವವರೆಗಿನ ಅವಧಿ. ರಿಪೇರಿ ಅರ್ಧದಲ್ಲಿದ್ದಾಗ ನೆಟ್‌ವರ್ಕ್ ಕಡಿದರೂ ಬಹುತೇಕ ತಂತ್ರಾಂಶಗಳು ತೆರೆದ ಕಿಟಕಿಗಳನ್ನು ಹಾಗೇ ಕಾದಿಡುತ್ತವೆ. ಮರಳಿ ಬಂದವರು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಅನುಕೂಲ ಹೌದು, ಆದರೆ ಮುಚ್ಚುವುದನ್ನು ಮರೆತರೆ ಅದೇ ಅಪಾಯ. ಯಾರು ಒಳಬಂದರು, ಎಷ್ಟು ಹೊತ್ತು ಇರಬಹುದು, ಏನನ್ನು ಮುಟ್ಟಬಹುದು, ಸುಮ್ಮನಿದ್ದರೆ ಯಾವಾಗ ಹೊರಹಾಕಬೇಕು: ಸೆಷನ್ ನಿರ್ವಹಣೆಯೆಂದರೆ ಈ ಲೆಕ್ಕ. ಇಂಥ ತಂತ್ರಾಂಶಗಳ ಜಾಹೀರಾತಿನಲ್ಲಿ ಸುರಂಗಕ್ಕೆ ದಪ್ಪಕ್ಷರ, ಇದಕ್ಕೆ ಒಂದು ಸಾಲೂ ಇಲ್ಲ.

ಸುರಂಗ ಗಟ್ಟಿಯಿದ್ದೂ ಮೋಸವಾಗುವುದಕ್ಕೆ ಒಂದು ಉದಾಹರಣೆ: 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್, ದೂರದಿಂದಲೇ ಫೋನ್ ನಡೆಸಲು ಬಿಡುವ ಎನಿಡೆಸ್ಕ್ ಆ್ಯಪ್ ಮೂಲಕ ನಡೆಯುವ ಮೋಸದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಕಳ್ಳರ ದಾರಿ ಇಷ್ಟೇ: ಆ್ಯಪ್ ಹಾಕಿಸುವುದು, ಪರದೆಯ ಮೇಲಿನ 9 ಅಂಕಿ ಕೇಳುವುದು, ಅನುಮತಿ ಪಡೆಯುವುದು, ಹಣ ಎತ್ತುವುದು. ಇಲ್ಲಿ ಗೂಢಲಿಪಿಯನ್ನು ಯಾರೂ ಒಡೆಯಬೇಕಿಲ್ಲ. ಕಳ್ಳ ಕೂತಿರುವುದೇ ಸುರಂಗದ ಆ ತುದಿಯಲ್ಲಿ, ಕರೆದವರು ನಾವೇ.

ಹಾಗಾಗಿ ನಡುವೆ ಇಣುಕುವವರಿಗಿಂತ ತುದಿಯಲ್ಲಿರುವವರ ಕಡೆ ಗಮನವಿರಲಿ. ಸಹಾಯ ಬೇಕಾದಾಗ ನೀವೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ. ಕೆಲಸ ಮುಗಿದೊಡನೆ ಸೆಷನ್ ಮುಗಿಸಿ, ಯಾವಾಗ ಬೇಕಾದರೂ ಒಳಬರುವ ಕಾಯಂ ಪಾಸ್‌ವರ್ಡ್ ಇಟ್ಟಿದ್ದರೆ ಇವತ್ತೇ ತೆಗೆಸಿ. ಗ್ರಾಹಕರ ಆಧಾರ್, ಪಾಸ್‌ಬುಕ್ ಫೈಲುಗಳನ್ನು ಮುಚ್ಚಿದ ಮೇಲೆಯೇ ಬಾಣವನ್ನು ಬೇರೆಯವರ ಕೈಗೆ ಕೊಡಿ.